ಪರಮೇಶ್ವರಿ ಎಂಬ ಹುಳು

ಕಳೆದ ವಾರ ಕುಮಟೆಯ ಮೀನು ಪೇಟೆಯಲ್ಲಿ ಒಬ್ಬ ಹೆಂಗಸು ನನ್ನ ಕೈಮೇಲೆ ರಪ್ಪನೆ ಹೊಡೆದಳು. ತಪ್ಪು ಅವಳದಲ್ಲ. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂರಲಾರದೆ ಎದ್ದು ಅಡ್ಡಾಡುತ್ತ ಹೋದವನು ಅವಳ ಬುಟ್ಟಿಯ ಮುಂದೆ ಬಗ್ಗಿ, ಒಂದೊಂದೇ ಮೀನಿನ ಕಿವಿಯ ಮುಚ್ಚಳ ಎತ್ತಿ ನೋಡತೊಡಗಿದ್ದೆ.

"ಅಜ್ಜಾ, ಬುಟ್ಟಿ ಪೂರಾ ಕಿವಿ ಎತ್ತಿ ನೋಡಿ ಆತು. ತಕಳೂದು ಉಂಟೋ ಇಲ್ವೋ?" ಎಂದಳು.

"ನಾನು ಮೀನು ತಿನ್ನೂದಿಲ್ಲ ಮಾರಾಯ್ತಿ."

"ತಿನ್ನದವ್ರಿಗೆ ಇಷ್ಟೆಲ್ಲ ಪರೀಕ್ಷೆ ಎಂತಕ್ಕೆ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ, ಆದರೆ ಅದನ್ನು ಬುಟ್ಟಿಯ ಮುಂದೆ ನಿಂತು ಹೇಳಿ ಮುಗಿಸಲಾಗದು. ನಿಮಗಾದರೆ ಹೇಳಬಹುದು, ನೀವು ಕೂತಿದ್ದೀರಿ. ಮೀನು ಕೊಳ್ಳುವವರು ಕಿವಿರು ಕೆಂಪಗಿದೆಯೋ ಎಂದು ನೋಡುತ್ತಾರೆ. ಕೆಂಪಗಿದ್ದರೆ ತಾಜಾ, ಕಂದಾಗಿದ್ದರೆ ನಿನ್ನೆಯದು. ನಾನು ನೋಡುವುದು ಬಣ್ಣವನ್ನಲ್ಲ. ಬಾಚಣಿಗೆಯ ಹಲ್ಲಿನಂತಿರುವ ಆ ಕಿವಿರಿನ ಎಳೆಗಳ ಸಂದಿಯಲ್ಲಿ ಒಂದು ಜಾತಿಯ ಚಪ್ಪಟೆ ಹುಳು ಕಚ್ಚಿಕೊಂಡಿರುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮುಚ್ಚಳ ಎತ್ತುತ್ತೇನೆ. ಅರವತ್ತರ ದಶಕದ ಶಿರಸಿಯಲ್ಲಿ ಅಂಟಿಕೊಂಡ ಚಟ, ಇನ್ನೂ ಬಿಟ್ಟಿಲ್ಲ.

ಕೂತಲ್ಲಿ ಕೂರದಿರುವುದು ಅದಕ್ಕಿಂತ ಹಳೆಯ ಚಟ. ಪಂಕ್ತಿಯಲ್ಲಿ ಅನ್ನ ಬಡಿಸಿ ಸಾರು ಬರುವುದರೊಳಗೆ ಎದ್ದು ಅಂಗಳಕ್ಕೆ ಒಂದು ಸುತ್ತು ಹೊಡೆದು ಬರುತ್ತಿದ್ದ ಹುಡುಗ ನಾನು. ಮುಂಜಿಯಾದ ಮೇಲೆ ನನ್ನ ಸಂಧ್ಯಾವಂದನೆಯನ್ನು ನೋಡಿದವರು, ಇವನು ಗಾಯತ್ರಿಯನ್ನು ಓಡಿಸಿಕೊಂಡು ಹೋಗುತ್ತಿದ್ದಾನೆ ಎಂದು ನಗುತ್ತಿದ್ದರಂತೆ. ಇದು ಅಪ್ಪಯ್ಯನಿಂದ ಬಂದದ್ದು. ಅಪ್ಪಯ್ಯ ಗೋಡೆ ಗಡಿಯಾರ ರಿಪೇರಿ ಮಾಡುತ್ತಿದ್ದ. ಸಿದ್ದಾಪುರದ ಹತ್ತಿರದ ನಮ್ಮ ಮನೆಯಿಂದ ಹೊರಟರೆ ಶಿರಸಿ ದಾಟಿ ಯಲ್ಲಾಪುರದವರೆಗೆ ಎಲ್ಲೆಲ್ಲಿ ಗಡಿಯಾರ ನಿಂತಿದೆಯೋ ಅಲ್ಲಿಗೆಲ್ಲ ನಡೆದು ಹೋಗುವುದು, ಅಲ್ಲಿ ಆಗದ್ದನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ತರುವುದು, ತಂದದ್ದನ್ನು ಜಗಲಿಯ ಗೋಡೆಗೆ ತೂಗುಹಾಕಿ ಮತ್ತೆ ಹೊರಡುವುದು. ಹೀಗಾಗಿ ನಮ್ಮ ಜಗಲಿಯ ತುಂಬ ಬೇರೆಯವರ ಗಡಿಯಾರಗಳು. ಒಂದು ಹೊಡೆದು ಮುಗಿಸಿತು ಅನ್ನುವಾಗ ಇನ್ನೊಂದು ಶುರು. ನಮ್ಮ ಮನೆಯಲ್ಲಿ ಮಧ್ಯಾಹ್ನ ಹನ್ನೆರಡು ಹೊಡೆದು ಮುಗಿಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ ಆಯಿ ಅಂಗಳಕ್ಕೆ ಬಂದು ಬಿಸಿಲು ನೋಡಿ ಹೇಳುತ್ತಿದ್ದಳು.

ಅಪ್ಪಯ್ಯನ ಹೆಸರು ಪರಮೇಶ್ವರ. ಇದನ್ನು ನಾನು ಶಾಲೆಗೆ ಸೇರುವಾಗಲೇ ಸರಿಯಾಗಿ ತಿಳಿದದ್ದು, ಏಕೆಂದರೆ ಆಯಿ ಆ ಹೆಸರನ್ನು ಹೇಳುತ್ತಿರಲಿಲ್ಲ. ಗಂಡನ ಹೆಸರು ಹೇಳದ ಹೆಂಗಸರು ಆಗ ಮನೆಮನೆಯಲ್ಲಿದ್ದರು, ನಿಮ್ಮಜ್ಜಿಯೂ ಅವರಲ್ಲೊಬ್ಬರಿರಬೇಕು. ಆದರೆ ನಮ್ಮ ಆಯಿಯದು ಹೆಚ್ಚಿನ ಪೇಚಾಟ. ಗಂಡನ ಹೆಸರು ದೇವರ ಹೆಸರೂ ಆಗಿಬಿಟ್ಟರೆ ಹೆಂಗಸು ಎಲ್ಲಿಗೆ ಹೋಗಬೇಕು ಹೇಳಿ? ಸಂಜೆ ಭಜನೆಯಲ್ಲಿ ಆ ಹೆಸರು ಬಂದ ಕಡೆ ಆಯಿ ಬಾಯಿ ಮುಚ್ಚಿ ಮೂಗಿನಲ್ಲೇ ರಾಗ ಎಳೆದು, ಮುಂದಿನ ಪದಕ್ಕೆ ಸರಿಯಾಗಿ ಬಂದು ಕೂಡಿಕೊಳ್ಳುತ್ತಿದ್ದಳು. ರಾಜ್ಯ ಒಂದಾಗಿ ನಾವೆಲ್ಲ ಮುಂಬಯಿ ಪ್ರಾಂತ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ವರ್ಷ ಮತದಾರರ ಹೆಸರು ಬರೆದುಕೊಳ್ಳುವವನೊಬ್ಬ ಮನೆಗೆ ಬಂದ. ಬಯಲುಸೀಮೆಯವನು. ಅಪ್ಪಯ್ಯ ಎಂದಿನಂತೆ ಊರಲ್ಲಿರಲಿಲ್ಲ, ನಾನು ಹಿತ್ತಲಲ್ಲಿದ್ದೆ.

"ಯಜಮಾನ್ರ ಹೆಸರೇನ್ರಿ?" ಎಂದು ಅವನು ಕೇಳಿದ.

"ಪಾರ್ವತಿಯ ಗಂಡಂದು" ಎಂದಳು ಆಯಿ.

ಅವನು ತಲೆಯಾಡಿಸಿ ಶಂಕರ ಎಂದು ಬರೆದುಕೊಂಡು ಹೋದ. ಮುಂದಿನ ಚುನಾವಣೆಯಲ್ಲಿ ಅಪ್ಪಯ್ಯ ಶಂಕರನಾಗಿಯೇ ಮತ ಹಾಕಿ ಬಂದ. ಆಯಿ ಅದನ್ನು ತಿದ್ದಿಸಬೇಕೆಂದು ಎಷ್ಟು ಗೋಗರೆದರೂ ಅಪ್ಪಯ್ಯ ನಕ್ಕು ಚೀಲ ಹೆಗಲಿಗೇರಿಸುತ್ತಿದ್ದ.

ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅಪ್ಪಯ್ಯ ತೀರಿಹೋದ. ಯಲ್ಲಾಪುರದ ಕಡೆಯ ಒಂದು ಮನೆಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತವನು ಹಾಗೆಯೇ ಒರಗಿದನಂತೆ. ಜಗಲಿಯ ಗಡಿಯಾರಗಳನ್ನು ಅವರವರು ಬಂದು ಒಯ್ದರು. ಮನೆ ಎಷ್ಟು ಸುಮ್ಮನಾಯಿತೆಂದರೆ ನನಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ಓದು ಮುಗಿದದ್ದೇ ಶಿರಸಿಯಲ್ಲಿ ಆಗಷ್ಟೇ ಶುರುವಾಗಿದ್ದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿಕೊಂಡೆ. ಹುಡುಗರಿಗೆ ಕಪ್ಪೆ ಕೊಯ್ದು ತೋರಿಸುವುದು ಕೆಲಸ. ಮಿಕ್ಕ ಹೊತ್ತಿನಲ್ಲಿ ಮೀನಿನ ಕಿವಿರಿನ ಹುಳುಗಳ ಮೇಲೆ ನನ್ನ ಸಂಶೋಧನೆ. ನಾನಿದ್ದ ಬಾಡಿಗೆ ಕೋಣೆಗೆ ಮೀನಿನ ವಾಸನೆ ಬರಕೂಡದೆಂದು ಯಜಮಾನರು ಮೊದಲೇ ಹೇಳಿದ್ದರಿಂದ ಎಲ್ಲವೂ ಕಾಲೇಜಿನ ಹಿಂಬದಿಯ ಮೇಜಿನ ಮೇಲೆ ನಡೆಯುತ್ತಿತ್ತು.

ಕೆಲಸವೇನೋ ಸರಳ. ಹೊಸದಾಗಿ ಹಿಡಿದ ಮೀನಿನ ಕಿವಿರು ಕತ್ತರಿಸಿ ಗಾಜಿನ ಬಟ್ಟಲಿನ ನೀರಿಗೆ ಹಾಕಿ ಅಲುಗಿಸಬೇಕು. ಹಿಡಿತ ಬಿಟ್ಟ ಹುಳು ತಳಕ್ಕೆ ಬೀಳುತ್ತದೆ. ಸೂಜಿಯಿಂದ ಎತ್ತಿ ಸ್ಲೈಡಿನ ಮೇಲಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮುಂದಲೆಯಲ್ಲಿ ನಾಲ್ಕು ಕಣ್ಣಿನ ಚುಕ್ಕೆ, ಹಿಂಬದಿಯಲ್ಲಿ ಒಂದು ಜೊತೆ ದೊಡ್ಡ ಕೊಕ್ಕೆ, ಸುತ್ತ ಸಣ್ಣ ಕೊಕ್ಕೆಗಳು. ಈ ಕೊಕ್ಕೆಗಳ ಆಕಾರದ ಮೇಲೆಯೇ ಯಾವ ಜಾತಿಯೆಂದು ಹೇಳುವುದು. ಸರಳ ಎಂದೆನಲ್ಲ, ಕೂರುವ ಮನುಷ್ಯನಿಗೆ ಸರಳ. ನಾನು ಪ್ರತಿ ಹುಳುವಿಗೂ ಎದ್ದು ಕಿಟಕಿಗೆ ಹೋಗಿ ಬರುತ್ತಿದ್ದೆ.

ಬನವಾಸಿ ಹತ್ತಿರದ ಗುಡ್ನಾಪುರದ ಕೆರೆಯಿಂದ ತಂದ ಪಕ್ಕೆ ಎಂಬ ಸಣ್ಣ ಮೀನಿನಲ್ಲಿ ಒಂದು ದಿನ ಅದು ಸಿಕ್ಕಿತು. ಅದರ ಕೊಕ್ಕೆ ನಾನು ನೋಡಿದ ಯಾವ ಚಿತ್ರದಲ್ಲೂ ಇರಲಿಲ್ಲ. ಮಾವಿನಕಾಯಿ ಕೀಳುವ ದೋಟಿಯ ತುದಿಯ ಹಾಗೆ ಒಮ್ಮೆ ಹೊರಕ್ಕೆ ಹೋಗಿ ಆಮೇಲೆ ಒಳಕ್ಕೆ ಬಾಗಿತ್ತು. ಇನ್ನೂ ಚೆನ್ನಾಗಿ ನೋಡುವ ಆತುರದಲ್ಲಿ ಮೇಲಿನ ಗಾಜನ್ನು ಒತ್ತಿದೆ. ಚಟ್ ಎಂದಿತು. ಎರಡರಲ್ಲಿ ಒಂದು ಕೊಕ್ಕೆ ಮುರಿದು ಅಡ್ಡಡ್ಡ ಮಲಗಿತು.

ಅದನ್ನೇ ತೆಗೆದುಕೊಂಡು ಧಾರವಾಡದ ನನ್ನ ಗುರುಗಳ ಹತ್ತಿರ ಓಡಿದೆ. ಅವರು ಬಹಳ ಹೊತ್ತು ನೋಡಿದರು. ನಾನು ಅವರ ಕೋಣೆಯಲ್ಲಿ ಮೂಲೆಯಿಂದ ಮೂಲೆಗೆ ನಡೆದೆ.

"ಕುಂದರ್ರಿ, ಫರಸಿ ಸವದೀತು" ಎಂದರು. ಆಮೇಲೆ, "ಹೊಸಾದ ಇದ್ದಂಗ ಕಾಣತೈತಿ. ಆದ್ರ ಒಂದ ಹುಳಾ, ಅದೂ ಮುರದದ್ದು. ಇದನ್ನ ಹಿಡಕೊಂಡು ಹೊಸ ಜಾತಿ ಅನ್ನಾಕ ಬರೂದಿಲ್ಲ. ಅದ ಕೆರಿ, ಅದ ಮೀನ, ಇನ್ನಷ್ಟು ಹುಳಾ ತಗೊಂಡು ಬರ್ರಿ. ಮಳಿ ಹಿಡಿಯೂದರೊಳಗ."

"ಮಳೆ ಹಿಡಿದರೆ?"

"ಮೀನ ಚದರಿ ಹೋಗ್ತಾವ. ಮಳಿಗಾಲ ಮುಗಿದ ಮ್ಯಾಲೆ ವರದಾ ಕಡೆ ಕೆರಿಗಳನ್ನ ಇನ್ನೊಬ್ಬ ಹುಡುಗಗ ಕೊಟ್ಟೀನಿ. ಅಂವಗ ಸಿಕ್ಕರ ಅಂವಂದು. ಯಾರು ಮೊದಲ ಬರದು ಅಚ್ಚು ಹಾಕಸ್ತಾರ, ಹೆಸರಿಡೂದು ಅವರು."

ಹೆಸರಿಡುವುದು ಅವರು. ಬಸ್ಸಿನಲ್ಲಿ ವಾಪಸು ಬರುವಾಗ ಈ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಇದಕ್ಕೆ ಕಾರಣ ಆಯಿ. ನಾನು ಮನೆಗೆ ಹೋದಾಗಲೆಲ್ಲ ಅಪ್ಪಯ್ಯನ ಹೆಸರು ನಿಲ್ಲಬೇಕೆಂಬ ಒಂದೇ ಮಾತು.

"ತಮಾ, ಅವ್ರ ಹೆಸ್ರು ನಿಲ್ಲವು ಹೇಳಿ ನಿಂಗೆ ಇಲ್ಯಾ? ಒಂದು ಮದ್ವೆ ಆಗು. ಮೊಮ್ಮಗ ಹುಟ್ಟಿರೆ ಅವ್ರ ಹೆಸ್ರು ಇಡ್ಲಾಗಿತ್ತು."

ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಅದಕ್ಕೆ ಮೊದಲು ಮದುವೆಯಾಗಬೇಕಲ್ಲ. ಹೆಣ್ಣು ನೋಡಲು ಹೋದ ಕಡೆಗಳಲ್ಲಿ ನಾನು ಕಷಾಯ ಬರುವುದರೊಳಗೆ ಎದ್ದು ಅಂಗಳದಲ್ಲಿ ತಿರುಗುತ್ತಿದ್ದುದನ್ನು ಕಂಡು ಅವರೇ ಹಿಂದೆ ಸರಿಯುತ್ತಿದ್ದರು. ಮೇಲಿಂದ ಮಾಣಿ ಮೀನಿನ ಕಿವಿ ಕೊಯ್ಯುತ್ತಾನೆಂಬ ಸುದ್ದಿ ಬೇರೆ. ನಿಜ ಹೇಳುತ್ತೇನೆ, ನನಗೂ ಆಗ ಮದುವೆಯೆಂದರೆ ಬೆಂಚಿಗೆ ಕಟ್ಟಿಹಾಕಿದ ಹಾಗೆ ಅನಿಸುತ್ತಿತ್ತು. ಆದರೆ ಅಪ್ಪಯ್ಯನ ಹೆಸರು ಎಲ್ಲೂ ಇಲ್ಲವೆಂಬುದು ನನ್ನನ್ನೂ ಕೊರೆಯುತ್ತಿತ್ತು. ಅಷ್ಟೊಂದು ಮನೆಗಳ ಗಡಿಯಾರ ನಡೆಸಿದವನು, ಕೊನೆಗೆ ಮತದಾರರ ಪಟ್ಟಿಯಲ್ಲೂ ಶಂಕರ! ಬಸ್ಸು ಮುಂಡಗೋಡ ದಾಟುವ ಹೊತ್ತಿಗೆ ನಾನು ನಿಶ್ಚಯಿಸಿಬಿಟ್ಟಿದ್ದೆ. ಮೊಮ್ಮಗ ಯಾವಾಗ ಹುಟ್ಟುತ್ತಾನೋ ಯಾರಿಗೆ ಗೊತ್ತು, ಹುಳು ಹುಟ್ಟಿ ಆಗಿದೆ. ಅದಕ್ಕೆ ಅಪ್ಪಯ್ಯನ ಹೆಸರಿಡುತ್ತೇನೆ. ಆ ಇನ್ನೊಬ್ಬ ಹುಡುಗನ ಕೈಗೆ ಅದು ಸಿಕ್ಕಕೂಡದು.

ಆ ಬೇಸಿಗೆಯಲ್ಲಿ ನಾನು ಕಾಲಿಗೆ ಚಕ್ರ ಕಟ್ಟಿಕೊಂಡೆ. ಗುಡ್ನಾಪುರಕ್ಕೇ ನೆಟ್ಟಗೆ ಹೋಗುವುದು ಬಿಟ್ಟು, ಇದೇ ಹುಳು ಬೇರೆ ಕಡೆಯೂ ಇದ್ದೀತೆಂಬ ಆಸೆಯಿಂದ ಯಲ್ಲಾಪುರಕ್ಕೂ ಹಾರಿದೆ. ಮರದ ನಾಟಾ ತುಂಬಿಕೊಳ್ಳಲು ಹೊರಟ ಲಾರಿಯೊಂದರಲ್ಲಿ ಡ್ರೈವರನ ಪಕ್ಕ ಕೂತು ನಂದೊಳ್ಳಿ ಕಡೆಗೆ ಹೋದೆ. ದಾರಿಯುದ್ದಕ್ಕೂ ಅವನು ನನ್ನ ಡಬ್ಬ, ಬಾಟಲಿ, ಕತ್ತರಿಗಳನ್ನು ಓರೆಗಣ್ಣಿಂದ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, ದನದ ಡಾಕ್ಟರಾ ಎಂದು ಕೇಳಿದ. ಮೀನಿನ ಕಿವಿ ನೋಡುವವನು ಎಂದೆ. ಅವನು ಆಮೇಲೆ ರಸ್ತೆಯನ್ನೇ ನೋಡಿಕೊಂಡು ಓಡಿಸಿದ. ನಂದೊಳ್ಳಿಯ ಕೆರೆಯಲ್ಲಿ ಪಕ್ಕೆ ಸಿಕ್ಕಿತು, ಹುಳುವೂ ಸಿಕ್ಕಿತು, ಆದರೆ ಎಲ್ಲವೂ ಎಲ್ಲರಿಗೂ ಗೊತ್ತಿರುವ ಹಳೆಯ ಜಾತಿ. ಅದೇ ಲಾರಿಯ ದಿಮ್ಮಿಗಳ ಮೇಲೆ ಕೂತು ಹಿಂದಿರುಗಿದೆ.

ಗುಡ್ನಾಪುರದಲ್ಲಿ ನನಗೆ ಮೀನು ಕೊಡುತ್ತಿದ್ದವನು ಫಕೀರಪ್ಪ. ಕೆರೆಯ ದಂಡೆಯಲ್ಲೇ ಅವನ ಮನೆ. ಬಾಯಿತುಂಬ ಮಾತು, ಮರ್ಯಾದೆ ಜಾಸ್ತಿ. ಆದರೆ ನನ್ನ ಮೇಲೆ ಅವನಿಗೊಂದು ಮುನಿಸಿತ್ತು. ನಾನು ಹೋದ ತಕ್ಷಣ ಮೀನಿನ ಕಿವಿಯ ಮುಚ್ಚಳ ಎತ್ತುತ್ತಿದ್ದೆನಲ್ಲ, ತನ್ನ ಮೀನು ತಾಜಾ ಅಲ್ಲವೆಂದು ಇವನಿಗೆ ಸಂಶಯ ಎಂದು ಅವನು ತಿಳಿದಿದ್ದ.

"ಈಗ ಹಿಡದದ್ದು ಐತ್ರಿ ಮಾಸ್ತರ. ಕಿವಿ ಎತ್ತಿ ನೋಡಬ್ಯಾಡ್ರಿ, ನನಗ ಅಪಮಾನ ಆಗ್ತೈತಿ" ಎನ್ನುತ್ತಿದ್ದ.

ನಿನ್ನ ಮೀನಿನಲ್ಲಿ ಹುಳು ಹುಡುಕುತ್ತಿದ್ದೇನಪ್ಪಾ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಗುಡ್ನಾಪುರದ ಮೀನಿನಲ್ಲಿ ಹುಳುವಿದೆ ಎಂದು ಬನವಾಸಿ ಸಂತೆಯಲ್ಲಿ ಸುದ್ದಿಯಾದರೆ ಅವನ ಗತಿಯೇನು? ಸುಮ್ಮನೆ ಹಲ್ಲುಕಿರಿದು ಮೀನು ತೆಗೆದುಕೊಳ್ಳುತ್ತಿದ್ದೆ. ಈ ಸಲ, ಭಾನುವಾರ ಬರುತ್ತೇನೆ, ಬುಟ್ಟಿ ತುಂಬ ಪಕ್ಕೆ ಬೇಕು, ಎಲ್ಲ ನನಗೇ ಎಂದು ಮೊದಲೇ ಹೇಳಿಕಳಿಸಿದೆ.

ಭಾನುವಾರ ಹೋದೆ. ಮೂಡಣ ದಿಕ್ಕಿನಲ್ಲಿ ಮೋಡ ಕಟ್ಟಿ ಗಾಳಿ ಬೀಸುತ್ತಿತ್ತು. ಫಕೀರಪ್ಪ ಎಂದೂ ಇಲ್ಲದ ಖುಷಿಯಲ್ಲಿ ಕೈಮುಗಿದು ಬುಟ್ಟಿಯ ಮೇಲಿನ ಎಲೆ ಸರಿಸಿದ. ಸಾಲಾಗಿ ಜೋಡಿಸಿಟ್ಟ ಪಕ್ಕೆಗಳು, ಹೊಳೆಯುತ್ತಿದ್ದವು. ನಾನು ಬಗ್ಗಿ ಒಂದರ ಕಿವಿಯ ಮುಚ್ಚಳ ಎತ್ತಿದೆ. ಒಳಗೆ ಖಾಲಿ. ಇನ್ನೊಂದು ಎತ್ತಿದೆ. ಖಾಲಿ. ಬುಟ್ಟಿಯನ್ನೇ ಮಗುಚಿ ಹಾಕಿ ನೋಡಿದೆ. ಒಂದು ಮೀನಿಗೂ ಕಿವಿರಿಲ್ಲ.

"ನೀವು ಬ್ರಾಮಣರು. ಕಿವ್ಯಾಗಿನ ರಗತ, ಲೋಳಿ ನೋಡಿ ಹೇಸಿಗಿ ಪಡ್ತೀರಂತ ಎಲ್ಲಾ ಕಿತ್ತ ಒಗದು, ಕೆರಿ ನೀರಾಗ ಮೂರ್ನಾಕು ಸಲ ತೊಳದು ಇಟ್ಟೀನ್ರಿ" ಎಂದ ಫಕೀರಪ್ಪ. "ಇನ್ನ ಯಾವ ಸಂಶೇನೂ ಬ್ಯಾಡ್ರಿ."

ಸಿಟ್ಟು, ಅಳು, ನಗು, ಯಾವುದು ಮೊದಲು ಬರಬೇಕೆಂದು ಅವಕ್ಕೇ ತಿಳಿಯಲಿಲ್ಲ. ಅಲ್ಲಿಯವರೆಗೆ ಮರ್ಯಾದೆಗಾಗಿ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಒದರಿಬಿಟ್ಟೆ. ನನಗೆ ಬೇಕಾದ್ದು ಕಿವಿ ಮಾತ್ರ ಮಾರಾಯ, ಮೀನು ನೀನೇ ಇಟ್ಟುಕೋ, ಆ ಕಿವಿಯಲ್ಲಿ ಹುಳುವಿದೆ, ಅದಕ್ಕೆ ನಾನು ಹೆಸರಿಡಬೇಕು, ಮಳೆ ಬಂದರೆ ನಾನು ಕೆಟ್ಟೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಹುಳಾ? ನನ್ನ ಮೀನಿನಾಗ?" ಅವನ ಮೀಸೆ ಅದುರಿತು.

"ಎಲ್ಲ ಕೆರೆಯ ಮೀನಿನಲ್ಲೂ ಇರುತ್ತವೆ. ತಿಂದವರಿಗೆ ಏನೂ ಆಗುವುದಿಲ್ಲ. ಕಣ್ಣಿಗೇ ಕಾಣುವುದಿಲ್ಲ."

"ಕಣ್ಣಿಗೆ ಕಾಣೂದಿಲ್ಲ, ಏನೂ ಮಾಡೂದಿಲ್ಲ, ಅದಕ್ಕ ಹೆಸರಿಡಾಕ ಶಿರಸಿಯಿಂದ ಬಂದೀರಿ?"

"ಹೌದು."

ಅವನು ಹೆಂಡತಿಯನ್ನು ಕೂಗಿ ಕರೆದ. "ಏ, ಬಾ ಇಲ್ಲಿ, ಮಾಸ್ತರ ಹಣ್ಣ ಬಿಟ್ಟು ಸಿಪ್ಪಿ ಒಯ್ತಾರಂತ!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಬಲೆ ಹೆಗಲಿಗೆ ಹಾಕಿಕೊಂಡು, ನಡೀರಿ, ಮಳಿ ಬರೂದರೊಳಗ ಇನ್ನೊಮ್ಮೆ ಬೀಸೂನು ಎಂದು ಕೆರೆಗೆ ಇಳಿದ.

ದಂಡೆಯ ಮೇಲೊಂದು ಹಳೆಯ ಕಲ್ಲು ಬಿದ್ದಿತ್ತು, ಕದಂಬರ ಕಾಲದ್ದೋ ಏನೋ. ಅದರ ಮೇಲೆ ನನ್ನ ಬಟ್ಟಲುಗಳನ್ನು ಸಾಲಾಗಿಟ್ಟು ಕೂತೆ. ಫಕೀರಪ್ಪ ಒಂದೊಂದೇ ಮೀನು ತಂದು ಕೊಡುವುದು, ನಾನು ಕಿವಿರು ಕತ್ತರಿಸಿ ಬಟ್ಟಲಿಗೆ ಹಾಕಿ ಅಲುಗಿಸುವುದು, ತಳದ ನೀರನ್ನು ಸೀಸೆಗೆ ತುಂಬುವುದು. ಗುಡುಗು ಹತ್ತಿರ ಬರುತ್ತಿತ್ತು. ಎದ್ದು ಓಡಾಡಬೇಕೆಂದು ಕಾಲು ತುರಿಸುತ್ತಿತ್ತು, ಆದರೆ ಎದ್ದರೆ ಒಂದು ಮೀನು ಕಡಿಮೆಯಾಗುತ್ತದೆಂಬ ಭಯ ನನ್ನನ್ನು ಕೂರಿಸಿತು. ಬಾಳಿನಲ್ಲಿ ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ದಪ್ಪ ಹನಿ ಬೀಳತೊಡಗಿದಾಗ ಸೀಸೆಗಳನ್ನು ಅಂಗಿಯೊಳಗೆ ತುರುಕಿಕೊಂಡು ಬಸ್ಸಿಗೆ ಓಡಿದೆ.

ಮರುದಿನ ಬೆಳಗ್ಗೆ ಕಾಲೇಜಿನ ಬಾಗಿಲು ತೆಗೆಸಿ ಮೊದಲ ಸೀಸೆಯ ನೀರನ್ನು ಬಟ್ಟಲಿಗೆ ಸುರಿದೆ. ಹೊರಗೆ ಮಳೆ ಹಿಡಿದಿತ್ತು. ಮೊದಲ ಹುಳು ಹಳೆಯ ಜಾತಿ. ಎರಡನೆಯದೂ ಹಾಗೆಯೇ. ಮುಂದಿನದರಲ್ಲಿ ದೋಟಿಯ ಕೊಕ್ಕೆ ಕಂಡಿತು, ಎರಡೂ ಇದ್ದವು, ಎರಡೂ ಇಡಿಯಾಗಿದ್ದವು. ಆಮೇಲೆ ಇನ್ನೊಂದು, ಮತ್ತೊಂದು. ನಾನು ಕುಣಿದೆನೆಂದು ಹೇಳಿದರೆ ನೀವು ನಂಬಬೇಕು, ಏಕೆಂದರೆ ಕುಣಿಯುವಾಗ ಒಂದು ಕಪ್ಪೆಯ ಜಾಡಿಗೆ ಕಾಲು ತಾಗಿ ಅದು ಒಡೆದುಹೋಯಿತು, ಪ್ರಿನ್ಸಿಪಾಲರಿಂದ ಬೈಗುಳವೂ ಸಿಕ್ಕಿತು.

ಆಮೇಲೆ ಚಿತ್ರ ಬರೆಯುವುದು, ಅಳತೆ ತೆಗೆಯುವುದು, ಗುರುಗಳಿಂದ ತಿದ್ದಿಸಿಕೊಳ್ಳುವುದು. ಅವರಿಗೆ ಹೆಸರಿನ ಬಗ್ಗೆ ಮಾತ್ರ ಸಮಾಧಾನವಿರಲಿಲ್ಲ. "ಊರಿನ ಹೆಸರಿಡ್ರಿ, ಯಾರ ತಕರಾರೂ ಇರೂದಿಲ್ಲ" ಎಂದರು. ನಾನು ಒಪ್ಪಲಿಲ್ಲ. ಜೀವಿಗಳ ಹೆಸರು ಲ್ಯಾಟಿನ್ ಪದ್ಧತಿಯಲ್ಲಿರಬೇಕು. ಮೊದಲನೆಯ ಪದ ಕುಲದ್ದು, ಅದು ಈಗಾಗಲೇ ಇರುವಂಥದು, ಹೇಳಹೊರಟರೆ ನಾಲಿಗೆ ಗಂಟುಬೀಳುತ್ತದೆ. ಎರಡನೆಯ ಪದ ನಮ್ಮ ಕೈಯಲ್ಲಿ. ಗಂಡಸಿನ ಗೌರವಕ್ಕೆ ಇಡುವುದಾದರೆ ಅವನ ಹೆಸರಿನ ಕೊನೆಗೆ 'ಇ' ಹಚ್ಚಬೇಕು, ಆಗ ಅದು '‌ಅವನದು' ಎಂದಾಗುತ್ತದೆ. ಪರಮೇಶ್ವರನಿಗೆ 'ಇ' ಹಚ್ಚಿದೆ. ಪರಮೇಶ್ವರಿ ಎಂದಾಯಿತು. ನನ್ನ ಸಂಭ್ರಮದಲ್ಲಿ ಅದನ್ನು ಒಮ್ಮೆಯೂ ಕನ್ನಡದ ಕಿವಿಯಿಂದ ಕೇಳಿಕೊಳ್ಳಲಿಲ್ಲ.

ಕೇಳಿಸಿಕೊಂಡವರು ನಮ್ಮ ಕಾಲೇಜಿನ ಸಂಸ್ಕೃತದ ಶಾಸ್ತ್ರಿಗಳು. ಲೇಖನ ಅಚ್ಚಾಗಿ ಬಂದ ದಿನ ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮೂಗಿಗೂ ಹಿಡಿಯುತ್ತ ತಿರುಗುತ್ತಿದ್ದೆ. ಶಾಸ್ತ್ರಿಗಳು ಕನ್ನಡಕ ಏರಿಸಿ ಹೆಸರನ್ನು ಓದಿ, "ಈಕಾರಾಂತ ಸ್ತ್ರೀಲಿಂಗ" ಎಂದು ಮುಗುಳ್ನಕ್ಕರು. ನಾನು ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಶಾಸ್ತ್ರಿಗಳ ಊರು ಸಿದ್ದಾಪುರದ ಕಡೆಗೇ. ಅದೇ ವಾರ ಅವರು ಯಾವುದೋ ಮದುವೆಯ ಪಂಕ್ತಿಯಲ್ಲಿ ಕೂತು, ಗಡಿಯಾರದ ಪರಮೇಶ್ವರಣ್ಣನ ಮಗ ಒಂದು ಹುಳಕ್ಕೆ ಯಾವುದೋ ಹುಡುಗಿಯ ಹೆಸರಿಟ್ಟಿದ್ದಾನೆಂದು ಹೇಳಿದರಂತೆ. ಹೋಳಿಗೆ ಬರುವುದರೊಳಗೆ ಸುದ್ದಿ ಹೆಂಗಸರ ಪಂಕ್ತಿ ಮುಟ್ಟಿತು.

ಆಯಿ ಸೋಮವಾರ ಮೊದಲ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಚೀಲವಿಲ್ಲ, ಡಬ್ಬವಿಲ್ಲ. ಬರಿಗೈಯಲ್ಲಿ ಬಂದಿದ್ದಾಳೆಂದರೆ ಸಿಟ್ಟು ಬಹಳ ಎಂದು ಲೆಕ್ಕ. ನೇರ ಕಾಲೇಜಿಗೇ ಬಂದು, ಕಪ್ಪೆ ಹಾವುಗಳ ಜಾಡಿಗಳ ನಡುವೆ ಸೆರಗು ಮುದುರಿಕೊಂಡು ನನ್ನ ಮೇಜಿನ ಮುಂದೆ ನಿಂತಳು.

"ಪರಮೇಶ್ವರಿ ಹೇಳ್ರೆ ಯಾರು?" ಎಂದಳು.

ನನ್ನ ಕೈಯಿಂದ ಸೂಜಿ ಬಿತ್ತು. ಆಯಿಯ ಬಾಯಲ್ಲಿ ಆ ಅಕ್ಷರಗಳನ್ನು ನಾನು ಹುಟ್ಟಿದ ಮೇಲೆ ಕೇಳಿದ್ದಿಲ್ಲ.

"ಆಯಿ, ಮೊದ್ಲು ಕೂತ್ಕ."

"ಕೂತ್ಕಳದು ಆಮೇಲೆ. ಪರಮೇಶ್ವರಿ ಯಾವ ಊರ ಕೂಸು? ನಮ್ಮವ್ರ ಪೈಕಿಯಾ? ಹೌದಾದ್ರೆ ಹೇಳು, ಆನೇ ಹೋಗಿ ಕೇಳ್ತೆ. ಕದ್ದು ಹುಳಕ್ಕೆ ಹೆಸ್ರಿಡದು ಎಂತಕ್ಕೆ? ಪಾಪ, ಆ ಪರಮೇಶ್ವರಿಗೆ ಗೊತ್ತಾದ್ರೆ ಬೇಜಾರಾಗ್ತಿಲ್ಯಾ? ಪರಮೇಶ್ವರಿಯ ಅಪ್ಪ ಅಮ್ಮ ಎಂತ ಹೇಳ್ಗು?"

ಪ್ರತಿ ಸಲ ಅವಳು ಆ ಹೆಸರು ಹೇಳಿದಾಗಲೂ ತಡೆಯಬೇಕೆಂದೂ ಅನಿಸಿತು, ಇನ್ನಷ್ಟು ಹೇಳಲಿ ಎಂದೂ ಅನಿಸಿತು.

"ಪರಮೇಶ್ವರಿ ಹೇಳಿ ಯಾವ ಕೂಸೂ ಇಲ್ಲೆ ಆಯಿ. ಅದು ಗಂಡಸಿನ ಹೆಸ್ರು. ಆ ಭಾಷೆಲಿ ಗಂಡಸಿನ ಹೆಸ್ರಿನ ಕಡೆಗೆ ಒಂದು 'ಇ' ಸೇರಸವು. ಆ 'ಇ' ತೆಗೆದು ನೋಡು."

ಆಯಿಯ ತುಟಿ ಅಲುಗಿತು, ಅರ್ಧಕ್ಕೇ ನಿಂತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟಳು. ಮದುವೆ ಮನೆಯಿಂದ ಇಲ್ಲಿಯವರೆಗೆ ಎಷ್ಟು ಜನರ ಮುಂದೆ ಎಷ್ಟು ಸಲ ಹೇಳಿದೆನೆಂದು ಎಣಿಸುತ್ತಿದ್ದಳೋ ಏನೋ.

"ಅವ್ರ ಹೆಸ್ರಿಡ್ಲೆ ನಿಂಗೆ ಬೇರೆ ಎಂತೂ ಸಿಕ್ಕಿದ್ದಿಲ್ಯಾ?" ಎಂದಳು ಕೊನೆಗೆ. "ಹುಳನೇ ಆಗವಾಗಿತ್ತಾ?"

ನನಗೂ ರೇಗಿತು. ಎದ್ದು ಕಿಟಕಿಯವರೆಗೆ ಹೋಗಿ ಬಂದೆ. "ನಿಲ್ಲವು ಹೇಳಿ ನೀನೇ ಹೇಳಿದ್ದಲ್ದಾ? ಮೊಮ್ಮಗ ಆದ್ರೂ ಒಂದಿನ ಸಾಯ್ತ. ಇದು ಅಚ್ಚಾಗಿ ಹೋದದ್ದು. ಇನ್ನು ಲೋಕದಲ್ಲಿ ಯಾರೇ ಈ ಹುಳ ನೋಡ್ಲಿ, ಈ ಹೆಸ್ರೇ ಹೇಳವು. ಬದಲಾಯಿಸ್ಲೆ ಬತ್ತಿಲ್ಲೆ."

"ಯಾವಾಗ್ಲೂ?"

"ಯಾವಾಗ್ಲೂ."

ಅವಳು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲಿ, ತೋರ್ಸು" ಎಂದಳು. ಸ್ಲೈಡಿಟ್ಟು, ಕನ್ನಡಿ ಬೆಳಕಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚುವುದನ್ನು ಹೇಳಿಕೊಟ್ಟೆ. ಆಯಿ ಬಗ್ಗಿ ನೋಡಿದಳು.

"ಹಿಂದ್ಗಡೆ ಎಂತಕ್ಕೆ ಕೊಕ್ಕೆ?"

"ಹಿಡ್ಕಂಬಲೆ. ನೀರು ಎಷ್ಟು ಎಳೆದ್ರೂ ಇದು ಹಿಡ್ದ ಜಾಗ ಬಿಡ್ತಿಲ್ಲೆ. ಸಾಯೋವರೆಗೂ ಒಂದೇ ಕಡೆ ಇರ್ತು."

"ಹಂಗಾದ್ರೆ ಅವ್ರ ಹಂಗಲ್ಲ" ಎಂದಳು ಆಯಿ, ಕಣ್ಣು ತೆಗೆಯದೆ. ಅವಳ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಊರಲ್ಲಿ ಕೇಳಿದವ್ಕೆ ಸರಿಯಾಗಿ ಹೇಳವಲಾ. ಹೆಸ್ರು ಒಂದ್ಸಲ ಹೇಳ್ಕೊಡು."

ನಾನು ಕುಲದ ಹೆಸರಿನಿಂದ ಶುರು ಮಾಡಿದೆ. "ಅದು ಬ್ಯಾಡ" ಎಂದಳು. "ಎರಡನೇದು."

"ಪರಮೇಶ್ವರಿ" ಎಂದೆ.

ಆಯಿ ಮೈಕ್ರೋಸ್ಕೋಪಿನೊಳಗೆ ನೋಡುತ್ತಲೇ, ಒಂದೊಂದು ಅಕ್ಷರವನ್ನೂ ಬಿಡಿಸಿ, "ಪರಮೇಶ್ವರ" ಎಂದಳು. ನಾನು ಕಾದೆ. 'ಇ' ಬರಲಿಲ್ಲ.